ಅಮ್ಮನ ಅಂಗಳದ ಕ್ರೋಟನ್ ಬೆಂಗಳೂರಿನಲ್ಲಿ ಬಣ್ಣ ಕಳೆದುಕೊಂಡಿದ್ದೇಕೆ?

ಪ್ರಶ್ನೆ: ಪುತ್ತೂರಿನ ಹತ್ತಿರ ನಮ್ಮ ತವರುಮನೆಯ ಅಂಗಳದ ಬದಿಯಲ್ಲಿ ಅಮ್ಮ ನೆಟ್ಟ ಕ್ರೋಟನ್ ಗಿಡಗಳಿದ್ದವು. ಸೊಂಟದೆತ್ತರ, ದುಂಡಗೆ, ನೆಲದಿಂದಲೇ ಎಲೆ ತುಂಬಿಕೊಂಡಿರುತ್ತಿದ್ದವು. ಕೆಂಪು, ಹಳದಿ, ಕಪ್ಪುಹಸಿರು ಎಲ್ಲ ಒಂದೇ ಗಿಡದಲ್ಲಿ. ಅಮ್ಮ ತೀರಿಕೊಂಡ ಮೇಲೆ ಮನೆ ಕೊಟ್ಟುಬಿಟ್ಟೆವು. ಬರುವಾಗ ಒಂದು ಗಿಡ ತಂದೆ. ನಾಲ್ಕು ವರ್ಷದಿಂದ ಬೆಂಗಳೂರಿನಲ್ಲಿ, ಎರಡನೇ ಮಹಡಿಯ ಉತ್ತರ ದಿಕ್ಕಿನ ಬಾಲ್ಕನಿಯಲ್ಲಿದೆ. ಮೂರು ಕೊಂಬೆ, ಐದು ಅಡಿ ಎತ್ತರ, ಕೆಳಗೆಲ್ಲ ಬೋಳು, ತುದಿಯಲ್ಲಿ ಮಾತ್ರ ಎಲೆ, ಅದೂ ಬರೀ ಹಸಿರು. ಮೇ ತಿಂಗಳಲ್ಲಿ ಸ್ವಲ್ಪ ಕೆಂಪು ಬಂದ ಹಾಗೆ ಕಾಣುತ್ತದೆ, ದೀಪಾವಳಿ ಹೊತ್ತಿಗೆ ಮತ್ತೆ ಹಸಿರು. ಡಿಸೆಂಬರ್‌ನಲ್ಲಿ ಎಲೆ ಉದುರುತ್ತದೆ. ತಿಂಗಳಿಗೊಮ್ಮೆ ಒಂದು ಚಮಚ ಯೂರಿಯಾ, ನಡುವೆ ನೆಲಗಡಲೆ ಹಿಂಡಿಯ ನೀರು ಹಾಕುತ್ತೇನೆ. ನಮ್ಮದು ಬೋರ್‌ವೆಲ್ ನೀರು. ಕತ್ತರಿಸಿ ಎಂದು ಎಲ್ಲರೂ ಹೇಳುತ್ತಾರೆ. ಇರುವುದು ಇದೊಂದೇ ಗಿಡ, ಕೈ ಬರುವುದಿಲ್ಲ. ಪಕ್ಕದ ಮನೆಯವರು ಇದು ವಿಷದ ಗಿಡ, ಮಗು ಇರುವ ಮನೆಯಲ್ಲಿ ಬೇಡ ಎನ್ನುತ್ತಾರೆ. ನನ್ನ ಮಗನಿಗೆ ಮೂರು ವರ್ಷ. ಮೈಸೂರಿನಲ್ಲಿರುವ ಅಕ್ಕ ಕೂಡ ಒಂದು ಗಿಡ ಮಾಡಿಕೊಡು ಎಂದು ಕೇಳುತ್ತಿದ್ದಾಳೆ. ಏನು ಮಾಡಲಿ?

ಉತ್ತರ: ಮೊದಲು ಸಮಾಧಾನದ ಮಾತು. ನಿಮ್ಮ ಗಿಡಕ್ಕೆ ರೋಗ ಬಂದಿಲ್ಲ. ಐದು ಅಡಿ ಬೆಳೆಯುವಷ್ಟು, ಪ್ರತಿ ವರ್ಷ ತುದಿಯಲ್ಲಿ ಹೊಸ ಎಲೆ ಬಿಡುವಷ್ಟು ಜೀವ ಅದರಲ್ಲಿದೆ. ಅಮ್ಮನ ಅಂಗಳದಲ್ಲಿ ಇದ್ದ ಹಾಗೆಯೇ ಅದನ್ನು ಮತ್ತೆ ತರಬಹುದು. ಆದರೆ ಒಂದು ಮಳೆಗಾಲ ಸಾಲದು, ಎರಡು ಬೇಕು. ಅಮ್ಮನ ಗಿಡವನ್ನು ಕಳೆದುಕೊಳ್ಳುವ ಭಯವಿಲ್ಲದೆ ಕತ್ತರಿಸುವ ದಾರಿಯೂ ಇದೆ, ಅದನ್ನು ಮುಂದೆ ವಿವರವಾಗಿ ಹೇಳುತ್ತೇನೆ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಒಂದು ಸಾಲಿನ ಮೇಲೆ: ಮೇ ತಿಂಗಳಲ್ಲಿ ಸ್ವಲ್ಪ ಕೆಂಪು ಬರುತ್ತದೆ, ದೀಪಾವಳಿಗೆ ಹೋಗುತ್ತದೆ. ಗಿಡ ತನಗೇನು ಬೇಕೆಂದು ನಾಲ್ಕು ವರ್ಷದಿಂದ ಹೇಳುತ್ತಲೇ ಇದೆ. ಅದು ಕೇಳುತ್ತಿರುವುದು ಬಿಸಿಲು.

ಬೆಂಗಳೂರಿನಲ್ಲಿ ವರ್ಷಕ್ಕೆ ಎರಡು ದಿನ, ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ, ನಡುಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆ ಸರಿಯಾಗಿ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿಗೆ ಆಗ ನೆರಳೇ ಬೀಳುವುದಿಲ್ಲ. ಈ ಎರಡು ದಿನಗಳ ನಡುವಿನ ಸುಮಾರು ನಾಲ್ಕು ತಿಂಗಳು ಮಾತ್ರ ಮಧ್ಯಾಹ್ನದ ಸೂರ್ಯ ನಮ್ಮ ಉತ್ತರಕ್ಕಿರುತ್ತಾನೆ. ಉಳಿದ ಎಂಟು ತಿಂಗಳು ದಕ್ಷಿಣಕ್ಕೆ ವಾಲಿರುತ್ತಾನೆ, ಅಂದರೆ ನಿಮ್ಮ ಮನೆಯ ಬೆನ್ನಿಗೆ. ಉತ್ತರಕ್ಕೆ ಬಂದಾಗಲೂ ತಲೆಯ ಮೇಲೇ ಇರುವುದರಿಂದ ಮಧ್ಯಾಹ್ನದ ಬಿಸಿಲನ್ನು ಮೇಲಿನ ಮನೆಯ ಬಾಲ್ಕನಿ ತಡೆಯುತ್ತದೆ. ನಿಮಗೆ ಸಿಗುವುದು ಬೆಳಿಗ್ಗೆ ಮತ್ತು ಸಂಜೆಯ ಓರೆ ಬಿಸಿಲು. ಜೂನ್, ಜುಲೈನಲ್ಲಿ ಮೋಡ. ಹಾಗಾಗಿ ನಿಮ್ಮ ಕ್ರೋಟನ್ ವರ್ಷದಲ್ಲಿ ನಿಜವಾಗಿ ಬಿಸಿಲು ಕಾಣುವುದು ಹೆಚ್ಚುಕಡಿಮೆ ಮೇ ತಿಂಗಳೊಂದರಲ್ಲಿ. ಆ ಒಂದು ತಿಂಗಳಲ್ಲೇ ಅದು ಕೆಂಪು ತೋರಿಸಿದೆ ಎಂದರೆ ಬಣ್ಣದ ಗುಣ ಹಾಗೇ ಇದೆ, ಎಲ್ಲೂ ಹೋಗಿಲ್ಲ.

ಕ್ರೋಟನ್‌ನ ಬಣ್ಣ ಹೂವಿನ ಬಣ್ಣದ ಹಾಗಲ್ಲ. ಹೂವು ಅರಳಿದ ದಿನವೇ ತನ್ನ ಬಣ್ಣ ತಂದಿರುತ್ತದೆ. ಕ್ರೋಟನ್ ಎಲೆ ಹುಟ್ಟುವಾಗ ಹಸಿರಾಗಿಯೋ ತಿಳಿಹಳದಿಯಾಗಿಯೋ ಇರುತ್ತದೆ. ಬಿಸಿಲಿನಲ್ಲಿ ತಿಂಗಳುಗಟ್ಟಲೆ ಕೂತು, ಬಲಿತು, ಆಮೇಲೆ ಕಿತ್ತಳೆ, ಕೆಂಪು, ಕೆಲವು ತಳಿಗಳಲ್ಲಿ ಕಪ್ಪಿಗೆ ಹತ್ತಿರದ ನೇರಳೆಯಾಗುತ್ತದೆ. ಹಸಿರಿಗೆ ಕಾರಣ ಕ್ಲೋರೋಫಿಲ್, ಹಳದಿಗೆ ಕ್ಯಾರೊಟಿನಾಯ್ಡ್, ಕೆಂಪಿಗೆ ಆಂಥೋಸಯಾನಿನ್ ಎಂಬ ವರ್ಣದ್ರವ್ಯ. ಈ ಕೊನೆಯದು ಎಲೆಯಲ್ಲಿ ಕೂಡಿಕೊಳ್ಳಬೇಕಾದರೆ ಬಲವಾದ ಬೆಳಕು ಬೇಕೇ ಬೇಕು. ಬೆಳಕು ಕಡಿಮೆಯಾದಾಗ ಗಿಡ ಇರುವ ಬೆಳಕನ್ನೆಲ್ಲ ಹಿಡಿದು ಊಟ ಮಾಡಿಕೊಳ್ಳಲು ಕ್ಲೋರೋಫಿಲ್ ಹೆಚ್ಚಿಸುತ್ತದೆ. ಬದುಕುವುದು ಮೊದಲು, ಅಲಂಕಾರ ಆಮೇಲೆ.

ಇದರಿಂದ ಇನ್ನೊಂದು ಮಾತು ತಿಳಿಯುತ್ತದೆ, ಬಹಳ ಜನ ಇದನ್ನು ಗಮನಿಸುವುದಿಲ್ಲ. ಗಿಡದಲ್ಲಿ ಹೆಚ್ಚು ಕೆಂಪಾಗಿರುವುದು ಹಳೆಯ ಎಲೆಗಳು, ಅಂದರೆ ಕೆಳಗಿನ ಎಲೆಗಳು. ಕೆಳಗಿನ ಎಲೆ ಉದುರಿಹೋದ ಗಿಡದಲ್ಲಿ ಕೆಂಪು ಎಲ್ಲಿಂದ ಬರಬೇಕು? ನಿಮ್ಮ ಅಮ್ಮನ ಗಿಡಗಳು ನೆಲದಿಂದಲೇ ಎಲೆ ಹೊತ್ತಿದ್ದವು, ಅದಕ್ಕೇ ಎಲ್ಲ ಬಣ್ಣವೂ ಒಟ್ಟಿಗೇ ಕಾಣುತ್ತಿತ್ತು: ಬುಡದಲ್ಲಿ ಕೆಂಪು, ನಡುವೆ ಕಿತ್ತಳೆ, ತುದಿಯಲ್ಲಿ ಹಳದಿ–ಹಸಿರು. ಗಿಡ ದುಂಡಗೆ ಇರುವುದೂ ಬಣ್ಣ ತುಂಬಿರುವುದೂ ಬೇರೆ ಬೇರೆ ಕೆಲಸವಲ್ಲ. ಎಲೆಯನ್ನು ಗಿಡದ ಮೇಲೆ ಎಷ್ಟು ಕಾಲ ಉಳಿಸಿಕೊಳ್ಳುತ್ತೀರೋ ಅಷ್ಟು ಬಣ್ಣ.

ಈಗ ಯೂರಿಯಾ. ದಯವಿಟ್ಟು ಇವತ್ತೇ ನಿಲ್ಲಿಸಿ. ಯೂರಿಯಾದಲ್ಲಿ ನೂರಕ್ಕೆ 46 ಪಾಲು ಸಾರಜನಕ. ನೆಲಗಡಲೆ ಹಿಂಡಿಯಲ್ಲೂ ಸುಮಾರು 7 ಪಾಲು ಸಾರಜನಕವೇ. ಬೆಳಕಿಲ್ಲದ ಜಾಗದಲ್ಲಿ ಸಾರಜನಕ ಸುರಿದರೆ ಗಿಡ ಉದ್ದುದ್ದ ಬೆಳೆಯುತ್ತದೆ, ಗೆಣ್ಣು ಗೆಣ್ಣಿನ ನಡುವೆ ಅಂತರ ಹೆಚ್ಚುತ್ತದೆ, ಎಲೆ ಕಡುಹಸಿರಾಗುತ್ತದೆ, ಕಾಂಡ ಮೆದುವಾಗುತ್ತದೆ. ನೀವು ಪ್ರೀತಿಯಿಂದ ಹಾಕಿದ್ದು ಗಿಡವನ್ನು ನಿಮಗೆ ಬೇಡದ ಕಡೆಗೇ ತಳ್ಳಿದೆ. ಬಿಸಿಲಿಗೆ ಹೋಗಿ ನೆಲೆಯಾದ ಮೇಲೆ, ಬೆಳೆಯುವ ಕಾಲದಲ್ಲಿ, ಅಂದರೆ ಮೇ ಕೊನೆಯಿಂದ ಅಕ್ಟೋಬರ್‌ವರೆಗೆ, ಎರಡು ತಿಂಗಳಿಗೊಮ್ಮೆ ಎರಡು ಹಿಡಿ ಎರೆಗೊಬ್ಬರ ಅಥವಾ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸಾಕು. ನವೆಂಬರ್‌ನಿಂದ ಫೆಬ್ರವರಿವರೆಗೆ ಏನೂ ಬೇಡ.

ಬಿಸಿಲು ಬೇಕೆಂದು ನಾಳೆಯೇ ಟೆರೇಸಿಗೆ ಹೊತ್ತು ಹಾಕಬೇಡಿ. ನಾಲ್ಕು ವರ್ಷ ನೆರಳಿನಲ್ಲಿ ಬೆಳೆದ ಎಲೆ ತೆಳ್ಳಗಿರುತ್ತದೆ. ಮೇ ತಿಂಗಳ ಮಧ್ಯಾಹ್ನದ ಬಿಸಿಲಿಗೆ ಮೂರೇ ದಿನದಲ್ಲಿ ಬಿಳಿಚಿ, ಕಂದು ಮಚ್ಚೆ ಬಿದ್ದು ಸುಟ್ಟುಹೋಗುತ್ತದೆ. ಮೊದಲ ವಾರ ಬೆಳಿಗ್ಗೆ ಒಂದು ಗಂಟೆ, ಎರಡನೇ ವಾರ ಎರಡು ಗಂಟೆ, ಹೀಗೆ ಮೂರು–ನಾಲ್ಕು ವಾರದಲ್ಲಿ ಬೆಳಗಿನ ನಾಲ್ಕೈದು ಗಂಟೆಯ ಬಿಸಿಲಿಗೆ ಒಗ್ಗಿಸಿ. ದಿನಾ ಹೊತ್ತು ತಿರುಗಿಸುವುದು ಕಷ್ಟವಾದರೆ ಟೆರೇಸಿನಲ್ಲಿ ನೀರಿನ ಟ್ಯಾಂಕಿನ ಪೂರ್ವದ ಬದಿಯಲ್ಲಿಡಿ, ಮೇಲೆ ಹಳೆಯ ತೆಳು ಪಂಚೆಯೊಂದನ್ನು ಕಟ್ಟಿ, ವಾರಕ್ಕೊಮ್ಮೆ ಅದನ್ನು ಸ್ವಲ್ಪ ಸ್ವಲ್ಪ ಸರಿಸುತ್ತ ಬನ್ನಿ. ಈ ನಡುವೆ ಒಂದಿಷ್ಟು ಎಲೆ ಉದುರೇ ಉದುರುತ್ತದೆ. ಜಾಗ ಬದಲಾದರೆ ಎಲೆ ಉದುರಿಸುವುದು ಕ್ರೋಟನ್‌ನ ಸ್ವಭಾವ. ಗಾಬರಿಯಾಗಿ ಮತ್ತೆ ಹಳೆಯ ಜಾಗಕ್ಕೆ ತರಬೇಡಿ, ಗೊಬ್ಬರ ಹಾಕಬೇಡಿ, ನೀರು ಹೆಚ್ಚಿಸಬೇಡಿ. ಹೊಸ ಜಾಗದಲ್ಲಿ ಬಿಡುವ ಎಲೆ ಆ ಜಾಗದ ಬಿಸಿಲಿಗೆ ತಕ್ಕ ಹಾಗೆ ದಪ್ಪವಾಗಿಯೇ ಬರುತ್ತದೆ.

ನರ್ಸರಿಯಿಂದ ಹೊಸದಾಗಿ ಕ್ರೋಟನ್ ತರುವವರಿಗೂ ಇದೇ ಮಾತು. ಅಲ್ಲಿ ಅವು ಹಸಿರು ಬಲೆಯ ನೆರಳಿನಲ್ಲಿ, ದಿನಕ್ಕೆರಡು ಸಲ ನೀರು ಕುಡಿದು ಬೆಳೆದಿರುತ್ತವೆ.

ಟೆರೇಸಿಗೆ ಹೋಗಲು ಅನುಮತಿ ಇಲ್ಲವಾದರೆ ಮನೆಯಲ್ಲಿ ದಕ್ಷಿಣ ಅಥವಾ ಪೂರ್ವಕ್ಕೆ ಒಂದು ಕಿಟಕಿಯ ಗ್ರಿಲ್ ಇದ್ದರೂ ಸಾಕು. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ಚೆನ್ನಾಗಿ ವಾಲುವುದರಿಂದ ಗಿಡಕ್ಕೆ ಬಿಸಿಲು ಬೇಕಾದ ಆ ಹೊತ್ತಿಗೇ ದಕ್ಷಿಣದ ಕಿಟಕಿಗೆ ಒಳಗಿನವರೆಗೂ ಬಿಸಿಲು ಬರುತ್ತದೆ. ಉತ್ತರದ ಬಾಲ್ಕನಿ ಖಾಲಿ ಉಳಿಯಬಾರದು ಎನಿಸಿದರೆ ಅಲ್ಲಿ ಅಗ್ಲೋನಿಮಾ ಎಂಬ ಬಣ್ಣದೆಲೆಯ ಗಿಡ ಇಡಿ, ಅದು ನೆರಳಿನಲ್ಲೂ ಬಣ್ಣ ಉಳಿಸಿಕೊಳ್ಳುತ್ತದೆ. ಕ್ರೋಟನ್ನೇ ಬೇಕೆಂದರೆ ಹಸಿರೆಲೆಯ ಮೇಲೆ ಹಳದಿ ಚುಕ್ಕೆ ಚೆಲ್ಲಿದಂತಿರುವ ಗೋಲ್ಡ್ ಡಸ್ಟ್ ತಳಿ ಕೆಂಪಿನವುಗಳಿಗಿಂತ ಕಡಿಮೆ ಬೆಳಕನ್ನು ತಾಳುತ್ತದೆ.

ಇನ್ನು ಕತ್ತರಿಯ ವಿಷಯ. ನಿಮಗೆ ಕೈ ಬರುವುದಿಲ್ಲ ಎಂದಿರಿ. ಅದು ಅರ್ಥವಾಗದ ಮಾತಲ್ಲ. ಇರುವುದು ಒಂದೇ, ನೆಟ್ಟ ಕೈ ಈಗಿಲ್ಲ. ಅದಕ್ಕೇ ಮೊದಲು ಕತ್ತರಿಸಬೇಡಿ, ಮೊದಲು ಗೂಟಿ ಕಟ್ಟಿ. ಗಿಡದ ಮೇಲೆ ಇರುವಾಗಲೇ ಕೊಂಬೆಗೆ ಬೇರು ಬರಿಸಿ, ಬೇರು ಕಣ್ಣಿಗೆ ಕಂಡ ಮೇಲೆ ಬಿಡಿಸಿಕೊಳ್ಳುವ ವಿಧಾನ ಇದು. ಬೇರು ಬಾರದಿದ್ದರೆ ಕೊಂಬೆ ತಾಯಿಗಿಡದಲ್ಲೇ ಇರುತ್ತದೆ, ಆ ವರ್ಷ ಏನನ್ನೂ ಕಳೆದುಕೊಳ್ಳುವುದಿಲ್ಲ. ಬೇರು ಬಂದು ಬಿಡಿಸಿಕೊಂಡಾಗ ತಾಯಿಗಿಡ ತಾನಾಗಿಯೇ ಗಿಡ್ಡವಾಗಿರುತ್ತದೆ. ಗೂಟಿ ಬಿಡಿಸುವುದೇ ನಿಮ್ಮ ಮೊದಲ ಸವರುವಿಕೆ.

ಜೂನ್‌ನಲ್ಲಿ, ಒಂದೆರಡು ಒಳ್ಳೆಯ ಮಳೆ ಬಿದ್ದ ಮೇಲೆ, ಮೂರು ಕೊಂಬೆಗಳಲ್ಲಿ ಎರಡನ್ನು ಆರಿಸಿ. ಮೂರನೆಯದನ್ನು ಈ ವರ್ಷ ಮುಟ್ಟಲೇಬೇಡಿ. ಉಳಿದದ್ದು ಚಿಗುರುವವರೆಗೆ ಅದರ ಎಲೆಗಳೇ ಬೇರಿಗೆ ಅನ್ನ ಹಾಕಬೇಕು. ಆರಿಸಿದ ಕೊಂಬೆಯಲ್ಲಿ ತುದಿಯಿಂದ ಸುಮಾರು ಒಂದು ಅಡಿ ಕೆಳಗೆ, ಪೆನ್ಸಿಲ್ ದಪ್ಪವಿರುವ ಕಡೆ, ಒಂದಿಂಚು ಅಗಲಕ್ಕೆ ಸುತ್ತಲೂ ತೊಗಟೆ ಬಿಡಿಸಿ. ಬ್ಲೇಡು ಹರಿತವಾಗಿರಲಿ, ಸ್ಪಿರಿಟ್‌ನಿಂದ ಒರೆಸಿಕೊಳ್ಳಿ. ತೊಗಟೆ ತೆಗೆದಾಗ ಒಳಗೆ ಜಾರುವಂತಹ ತೆಳು ಪೊರೆ ಇರುತ್ತದೆ, ಅದನ್ನು ಮೆಲ್ಲಗೆ ಪೂರ್ತಿ ಕೆರೆಯಿರಿ. ಅದು ಉಳಿದರೆ ತೊಗಟೆ ಮತ್ತೆ ಕೂಡಿಕೊಳ್ಳುತ್ತದೆ, ಬೇರು ಬರುವುದಿಲ್ಲ. ಗೂಟಿ ಕೈಕೊಟ್ಟಿತು ಎಂದು ನನ್ನ ಬಳಿ ಬಂದವರಲ್ಲಿ ಹೆಚ್ಚಿನವರು ತಪ್ಪಿದ್ದು ಈ ಒಂದು ಕಡೆಯಲ್ಲೇ. ಗಾಯದ ಮೇಲಂಚಿಗೆ ಬೇರು ಬರಿಸುವ ಪುಡಿಯನ್ನು ಸ್ವಲ್ಪ ಸವರಿ. ನೆನೆಸಿ ಗಟ್ಟಿಯಾಗಿ ಹಿಂಡಿದ ಪಾಚಿಯನ್ನು, ಅಂದರೆ ನರ್ಸರಿಗಳಲ್ಲಿ ಸಿಗುವ ಸ್ಫ್ಯಾಗ್ನಮ್ ಮಾಸ್ ಅನ್ನು, ಒಂದು ಮುಷ್ಟಿ ಸುತ್ತಲೂ ಇಟ್ಟು ಪಾರದರ್ಶಕ ಪ್ಲಾಸ್ಟಿಕ್ ಸುತ್ತಿ. ಪಾಚಿ ಸಿಗದಿದ್ದರೆ ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ, ಆಗುತ್ತದೆ, ಆದರೆ ಮೊದಲು ಒಳ್ಳೆಯ ನೀರಿನಲ್ಲಿ ಎರಡು ಸಲ ತೊಳೆದು ಉಪ್ಪಿನಂಶ ತೆಗೆಯಿರಿ. ಕೆಳಗೂ ಮೇಲೂ ಬಿಗಿಯಾಗಿ ಕಟ್ಟಿ. ಮಳೆನೀರು ಒಳಗೆ ಇಳಿದರೆ ಪಾಚಿ ಕೊಳೆಯುತ್ತದೆ.

ನಾಲ್ಕರಿಂದ ಆರು ವಾರದಲ್ಲಿ ಪ್ಲಾಸ್ಟಿಕ್ ಒಳಗಿನಿಂದ ಬಿಳಿ ಬೇರು ಕಾಣಿಸಿಕೊಳ್ಳುತ್ತದೆ. ಮೊದಲ ಬೇರು ಕಂಡ ಸಂತೋಷದಲ್ಲಿ ಬಿಡಿಸಬೇಡಿ. ಮುಷ್ಟಿಯ ಸುತ್ತಲೂ ಬೇರು ಹೆಣೆದುಕೊಂಡು, ಅವು ತುಸು ಕಂದು ಬಣ್ಣಕ್ಕೆ ತಿರುಗುವವರೆಗೆ ಇನ್ನೆರಡು ವಾರ ಕಾಯಿರಿ. ಆಗಸ್ಟ್ ಮೊದಲ ವಾರದ ಹೊತ್ತಿಗೆ ಸಿದ್ಧವಾಗಿರುತ್ತದೆ. ಪಾಚಿಗಿಂತ ಕೆಳಗೆ ಕತ್ತರಿಸಿ, ಪ್ಲಾಸ್ಟಿಕ್ ಮಾತ್ರ ತೆಗೆದು, ಪಾಚಿಯನ್ನು ಕೆದಕದೆ ಹಾಗೇ ಎಂಟು ಇಂಚಿನ ಕುಂಡದಲ್ಲಿ ನೆಡಿ. ಕೋಲು ಕೊಟ್ಟು ಕಟ್ಟಿ. ಮೂರು ವಾರ ನೆರಳಿನಲ್ಲಿರಲಿ, ಅದಕ್ಕೆ ನಿಮ್ಮ ಉತ್ತರದ ಬಾಲ್ಕನಿ ಬಹಳ ಒಳ್ಳೆಯ ಜಾಗ.

ಈಗ ತಾಯಿಗಿಡದಲ್ಲಿ ಎರಡು ಬೋಳು ಕಡ್ಡಿ ಉಳಿದಿರುತ್ತವೆ. ಅದೇ ದಿನ ಅವುಗಳನ್ನೂ ಇಳಿಸಿ: ಒಂದನ್ನು ಮಣ್ಣಿನಿಂದ ಒಂದು ಅಡಿಗೆ, ಇನ್ನೊಂದನ್ನು ಒಂದೂವರೆ ಅಡಿಗೆ. ಎರಡನ್ನೂ ಒಂದೇ ಎತ್ತರಕ್ಕೆ ಕತ್ತರಿಸಿದರೆ ಚಿಗುರೆಲ್ಲ ಒಂದೇ ಮಟ್ಟದಲ್ಲಿ ಬಂದು ಗಿಡ ಕೊಡೆಯ ಹಾಗಾಗುತ್ತದೆ, ದುಂಡಗಾಗುವುದಿಲ್ಲ. ಉದುರಿದ ಎಲೆಯ ಗುರುತಿನ ಪಕ್ಕದಲ್ಲಿ ಮಲಗಿದ ಮೊಗ್ಗು ಇರುತ್ತದೆ, ನಾವು ಅದನ್ನು ಕಣ್ಣು ಎನ್ನುತ್ತೇವೆ. ಅಂತಹ ಒಂದು ಕಣ್ಣಿನ ಅರ್ಧ ಇಂಚು ಮೇಲೆ, ಓರೆಯಾಗಿ ಕತ್ತರಿಸಿ. ಮೂರು–ನಾಲ್ಕು ವಾರದಲ್ಲಿ ಬೋಳು ಕಡ್ಡಿಯಿಂದ ಚಿಗುರು ಒಡೆಯುತ್ತದೆ. ಆ ಚಿಗುರು ಐದಾರು ಎಲೆ ಬಿಟ್ಟ ಮೇಲೆ ಅದರ ತುದಿಯನ್ನು ಉಗುರಿನಲ್ಲಿ ಚಿವುಟಿ. ಒಂದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ಅಮ್ಮನ ಗಿಡ ದುಂಡಗಿದ್ದದ್ದು ಹೀಗೇ ಇರಬೇಕು. ಊರ ಕಡೆ ಅಂಗಳದ ಬದಿಯ ಕ್ರೋಟನ್ ತುದಿ ಹೂದಾನಿಗೆ, ಮಂಟಪದ ಅಲಂಕಾರಕ್ಕೆ ಎಂದು ಆಗಾಗ ಮುರಿದುಕೊಳ್ಳುತ್ತಲೇ ಇರುತ್ತಾರೆ; ಗಿಡ ಕವಲೊಡೆಯುತ್ತಲೇ ಇರುತ್ತದೆ.

ಆಗಸ್ಟ್ ಏಕೆ ಎಂದರೆ ಬೆಂಗಳೂರಿನಲ್ಲಿ ಸೆಪ್ಟೆಂಬರ್ ಅತಿ ಹೆಚ್ಚು ಮಳೆ ಬೀಳುವ ತಿಂಗಳು. ಚಿಗುರಿಗೆ ಬೇಕಾದ ತೇವವೂ ಹಿತವಾದ ಬಿಸುಪೂ ಎರಡೂ ಸಿಗುತ್ತದೆ, ಡಿಸೆಂಬರ್ ಚಳಿ ಬರುವ ಮೊದಲು ಚಿಗುರು ಬಲಿತಿರುತ್ತದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಒಂದು ಹಳೆಯ ಕ್ರೋಟನ್ನನ್ನು ಡಿಸೆಂಬರ್‌ನಲ್ಲಿ, ಒಂದೂ ಎಲೆ ಉಳಿಸದೆ, ಮೊಣಕಾಲೆತ್ತರಕ್ಕೆ ಕತ್ತರಿಸಿದ್ದೆ. ಫೆಬ್ರವರಿಯವರೆಗೂ ಒಂದು ಕಣ್ಣೂ ಒಡೆಯಲಿಲ್ಲ. ಚಿಗುರಲಿಲ್ಲವೆಂದು ನೀರು ಹಾಕುತ್ತ ಹೋದೆ. ಎಲೆಯಿಲ್ಲದ ಗಿಡ ಆ ನೀರನ್ನು ಕುಡಿಯಲಾರದೆ ಬುಡ ಕೊಳೆತು ಸತ್ತಿತು. ಆ ತಳಿ ಮತ್ತೆ ನನಗೆ ಸಿಗಲಿಲ್ಲ. ಒಂದು ಕೊಂಬೆ ಮುಟ್ಟಬೇಡಿ ಎಂದು ಇಷ್ಟು ಒತ್ತಿ ಹೇಳುವುದು ಅದಕ್ಕೇ.

ಮೂರನೇ ಕೊಂಬೆಯ ಸರದಿ ಮುಂದಿನ ವರ್ಷದ ಜೂನ್‌ಗೆ.

ಕತ್ತರಿಸಿ ತೆಗೆದ ಬೋಳು ಕಡ್ಡಿಗಳನ್ನು ಎಸೆಯಬೇಡಿ. ಬೆರಳು ದಪ್ಪದ್ದನ್ನು ಅರ್ಧ ಅಡಿ ತುಂಡು ಮಾಡಿ, ತಲೆ–ಬುಡ ತಿರುಗು ಮುರುಗಾಗದಂತೆ, ಮರಳು ಮತ್ತು ಕೋಕೋಪೀಟ್ ಬೆರೆಸಿದ ಕುಂಡದಲ್ಲಿ ಊರಿ ನೆರಳಿನಲ್ಲಿಡಿ. ಎಲ್ಲವೂ ಹಿಡಿಯುವುದಿಲ್ಲ, ಒಂದೆರಡು ಹಿಡಿದರೂ ಲಾಭವೇ. ಬೀಜದಿಂದ ಮಾಡುವ ಯೋಚನೆ ಮಾತ್ರ ಬೇಡ. ಕ್ರೋಟನ್ ಬೀಜದಿಂದ ಹುಟ್ಟಿದ ಗಿಡ ತಾಯಿಯ ಬಣ್ಣವನ್ನೇ ತರುವುದಿಲ್ಲ. ಕಡ್ಡಿ, ಗೂಟಿಯಿಂದ ಬಂದದ್ದು ಮಾತ್ರ ಅದೇ ಗಿಡ, ನಿಮ್ಮ ಅಮ್ಮ ನೆಟ್ಟದ್ದೇ.

ಮಣ್ಣು ಮತ್ತು ನೀರಿನ ಮಾತು ಸ್ವಲ್ಪ ನಿಧಾನವಾಗಿ ಓದಿ, ಏಕೆಂದರೆ ಪುತ್ತೂರಿಗೂ ಬೆಂಗಳೂರಿಗೂ ದೊಡ್ಡ ವ್ಯತ್ಯಾಸ ಇಲ್ಲೇ ಇರುವುದು. ನಿಮ್ಮ ಊರಿನದು ಮುರಕಲ್ಲಿನ ಮಣ್ಣು. ವರ್ಷವರ್ಷವೂ ಜಡಿಮಳೆಗೆ ಸುಣ್ಣದ ಅಂಶವೆಲ್ಲ ತೊಳೆದುಹೋಗಿ ಹುಳಿಯಾದ ಮಣ್ಣು. ಕ್ರೋಟನ್‌ಗೆ ಅದು ಹಿತ, ಮಣ್ಣಿನ ಹುಳಿ–ಕ್ಷಾರದ ಅಳತೆಯಾದ ಪಿಎಚ್ 6ರ ಆಸುಪಾಸು ಅಥವಾ ತುಸು ಕಡಿಮೆ ಇದ್ದರೆ ಚೆನ್ನಾಗಿ ಬೆಳೆಯುತ್ತದೆ. ಬೆಂಗಳೂರಿನ ಬೋರ್‌ವೆಲ್ ನೀರು ಸಾಮಾನ್ಯವಾಗಿ ಗಡಸು. ಕುಂಡದ ಅಂಚಿನಲ್ಲಿ, ಮಣ್ಣಿನ ಮೇಲೆ ಬಿಳಿ ಪೊರೆ ಕಟ್ಟಿದೆಯೇ ನೋಡಿ, ಅದು ಆ ನೀರಿನ ಸುಣ್ಣ. ನಾಲ್ಕು ವರ್ಷ ಅದೇ ನೀರು ಕುಡಿದ ಕುಂಡದ ಮಣ್ಣು ಕ್ಷಾರವಾಗಿರುತ್ತದೆ. ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರು ಅದನ್ನು ತೆಗೆದುಕೊಳ್ಳಲಾರದು. ಹೊಸ ಎಲೆ ನರ ಮಾತ್ರ ಹಸಿರಾಗಿ, ನಡುವೆಲ್ಲ ನಿಸ್ತೇಜ ಹಳದಿಯಾಗುವುದು ಇದರ ಗುರುತು. ಇದನ್ನು ಕ್ರೋಟನ್‌ನ ಸಹಜ ಹಳದಿ ಎಂದುಕೊಳ್ಳಬೇಡಿ. ಸಹಜ ಹಳದಿಗೆ ಹೊಳಪಿರುತ್ತದೆ, ಇದಕ್ಕೆ ಇರುವುದಿಲ್ಲ.

ಇದಕ್ಕೆ ಅಗ್ಗದ ಮದ್ದು ಮಳೆನೀರು. ಮಳೆಗಾಲದಲ್ಲಿ ಗಿಡ ಟೆರೇಸಿನಲ್ಲಿದ್ದರೆ ಸಾಕು, ಒಂದೇ ಕಾಲದಲ್ಲಿ ಮಣ್ಣು ತೊಳೆದು ಬರುತ್ತದೆ. ಕುಂಡದ ಕೆಳಗಿನ ತೂತು ತೆರೆದಿರಬೇಕು, ಅಡಿಯಲ್ಲಿ ತಟ್ಟೆ ಇರಬಾರದು. ನಿಮ್ಮಲ್ಲಿ ಕಾವೇರಿ ನೀರೂ ಬರುವುದಾದರೆ ಅದು ಬರುವ ದಿನ ಒಂದು ಬಕೆಟ್ ಇದಕ್ಕೆಂದು ಎತ್ತಿಡಿ. ಮುಂದಿನ ಜೂನ್‌ನಲ್ಲಿ ಕುಂಡ ಬದಲಿಸಿ: ಹನ್ನೆರಡು ಇಂಚಿನ ಕುಂಡ, ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎಲೆಗೊಬ್ಬರ, ಒಂದು ಪಾಲು ದಪ್ಪ ಮರಳು, ಮೇಲೆ ಒಂದು ಹಿಡಿ ಬೇವಿನ ಹಿಂಡಿ. ಈ ವರ್ಷವೇ ಬದಲಿಸಿದರೆ ಗೂಟಿ, ಸವರುವಿಕೆ, ಬೇರಿನ ನೋವು ಮೂರೂ ಒಟ್ಟಿಗೆ ಬೀಳುತ್ತದೆ, ಅದು ಬೇಡ.

ನೀರು ಎಷ್ಟು ಹಾಕಬೇಕೆಂದು ಲೆಕ್ಕ ಕೇಳಬೇಡಿ, ಗಿಡವನ್ನೇ ಕೇಳಿ. ಮೇಲಿನ ಒಂದಿಂಚು ಮಣ್ಣು ಬೆರಳಿಗೆ ಒಣಗಿದಂತೆ ಅನಿಸಿದಾಗ ತೂತಿನಿಂದ ಹರಿಯುವಷ್ಟು ಹಾಕಿ. ತುದಿಯ ಎಳೆ ಎಲೆಗಳು ಜೋತುಬಿದ್ದರೆ ಬಾಯಾರಿದೆ ಎಂದರ್ಥ, ನೀರು ಕಂಡ ಒಂದೆರಡು ಗಂಟೆಯಲ್ಲಿ ನಿಮಿರುತ್ತವೆ. ಮಣ್ಣು ಹಸಿಯಾಗಿದ್ದೂ ಎಲೆ ಜೋತಿದ್ದರೆ ಬೇರು ಕೊಳೆಯುತ್ತಿದೆ, ಆಗ ನೀರು ನಿಲ್ಲಿಸಬೇಕು.

ಡಿಸೆಂಬರ್‌ನಲ್ಲಿ ಎಲೆ ಉದುರುವುದು ಅರ್ಧ ಚಳಿಯಿಂದ, ಅರ್ಧ ಕತ್ತಲೆಯಿಂದ. ಕ್ರೋಟನ್‌ನ ಮೂಲ ನೆಲೆ ಇಂಡೋನೇಷ್ಯಾದ ಮಲುಕು ದ್ವೀಪಗಳು, ನ್ಯೂಗಿನಿ, ಆಸ್ಟ್ರೇಲಿಯಾದ ಉತ್ತರದ ಅಂಚು. ವರ್ಷವಿಡೀ ಬೆಚ್ಚಗಿರುವ, ಗಾಳಿಯಲ್ಲಿ ತೇವವಿರುವ ಊರುಗಳು. ಪುತ್ತೂರು ಅದಕ್ಕೆ ತವರಿನ ಹಾಗೆ. ಬೆಂಗಳೂರಿನ ಚಳಿ ಅದನ್ನು ಕೊಲ್ಲುವುದಿಲ್ಲ. ಇಲ್ಲಿ ದಾಖಲಾದ ಅತಿ ಕಡಿಮೆ ಉಷ್ಣತೆ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಆದರೆ ರಾತ್ರಿ 15 ಡಿಗ್ರಿಗಿಂತ ಇಳಿದರೆ ಬೆಳವಣಿಗೆ ನಿಲ್ಲುತ್ತದೆ, ಬೀಸುವ ತಣ್ಣನೆ ಗಾಳಿಗೆ ಕೆಳಗಿನ ಎಲೆ ಕಳಚುತ್ತದೆ. ಡಿಸೆಂಬರ್, ಜನವರಿ ಈ ಎರಡು ತಿಂಗಳು ಗೋಡೆಗೆ ತಾಗಿ ಇಡಿ, ನೀರು ಕಡಿಮೆ ಮಾಡಿ, ಹಾಕುವುದಾದರೆ ಬೆಳಿಗ್ಗೆ ಹಾಕಿ. ದೆಹಲಿಯಲ್ಲೋ ಹೊರದೇಶದ ಚಳಿಯ ಊರುಗಳಲ್ಲೋ ಇರುವ ಕನ್ನಡದವರು ಇದನ್ನು ಬೆಳೆಸುವುದಾದರೆ 10 ಡಿಗ್ರಿಗೆ ಇಳಿಯುವ ಮೊದಲೇ ಒಳಗೆ, ಬಿಸಿಲು ಬರುವ ಕಿಟಕಿಯ ಬಳಿಗೆ ತರಬೇಕು.

ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಬೆಂಗಳೂರಿನ ಗಾಳಿ ಒಣಗಿರುತ್ತದೆ. ಆಗ ಬರುವುದು ಜೇಡನುಸಿ ಎಂಬ ಬಹಳ ಸಣ್ಣ ಹುಳ. ಎಲೆ ಧೂಳು ಕೂತ ಹಾಗೆ ಮಂಕಾಗುತ್ತದೆ, ಹತ್ತಿರದಿಂದ ನೋಡಿದರೆ ಸೂಜಿ ಚುಚ್ಚಿದಂತೆ ಸಣ್ಣ ಚುಕ್ಕೆ. ಎಲೆಯ ಕೆಳಗೆ ಬಿಳಿ ಕಾಗದ ಹಿಡಿದು ತಟ್ಟಿ. ಬಿದ್ದ ಚುಕ್ಕೆಗಳು ಓಡಾಡಿದರೆ ಅದೇ. ವಾರಕ್ಕೆರಡು ಸಲ ಎಲೆಯ ಅಡಿಭಾಗಕ್ಕೆ ಜೋರಾಗಿ ನೀರು ಹೊಡೆಯುವುದೇ ಮುಕ್ಕಾಲು ಚಿಕಿತ್ಸೆ. ಆಗಲೂ ಹೋಗದಿದ್ದರೆ ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಅದು ಬೆರೆಯುವಷ್ಟು ಸೋಪಿನ ದ್ರಾವಣ ಸೇರಿಸಿ ಸಂಜೆ ಹೊತ್ತು ಸಿಂಪಡಿಸಿ, ವಾರ ಬಿಟ್ಟು ಇನ್ನೊಮ್ಮೆ. ಬಿಸಿಲಿನಲ್ಲಿ ಸಿಂಪಡಿಸಿದರೆ ಎಲೆ ಸುಡುತ್ತದೆ. ಹಿಟ್ಟುತಿಗಣೆ ಬಂದರೆ ಎಲೆ–ಕಾಂಡದ ಸಂದಿಯಲ್ಲಿ ಹತ್ತಿ ಅಂಟಿದ ಹಾಗೆ ಕಾಣುತ್ತದೆ, ಸ್ಪಿರಿಟ್ ಅದ್ದಿದ ಹತ್ತಿಯಿಂದ ಒರೆಸಿ ತೆಗೆಯಿರಿ.

ಪಕ್ಕದ ಮನೆಯವರ ಮಾತನ್ನು ತಳ್ಳಿಹಾಕಬೇಡಿ, ಪೂರ್ತಿ ಒಪ್ಪಲೂಬೇಡಿ. ಈ ಗಿಡದ ನಿಜವಾದ ಸಸ್ಯನಾಮ ಕೋಡಿಯಂ ವೇರಿಗೇಟಮ್. 1753ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಇದನ್ನು ಕ್ರೋಟನ್ ಎಂಬ ಕುಲಕ್ಕೆ ಸೇರಿಸಿದ್ದ. ಆಮೇಲೆ ಬೇರೆ ಕುಲವಾಯಿತು, ಬಾಯಿಗೆ ಹತ್ತಿದ ಹೆಸರು ಮಾತ್ರ ಉಳಿದುಕೊಂಡಿತು. ಆ ಇನ್ನೊಂದು, ನಿಜವಾದ ಕ್ರೋಟನ್ ಕುಲದಲ್ಲಿ ನಮ್ಮ ನಾಟಿ ವೈದ್ಯರು ಬಲ್ಲ ಜಾಪಾಳವಿದೆ. ಅದರ ಬೀಜ ಭಯಂಕರ ಭೇದಿ ತರಿಸುವ ವಿಷ. ನಿಮ್ಮ ಬಾಲ್ಕನಿಯದು ಜಾಪಾಳವಲ್ಲ. ಆದರೂ ಇವೆರಡೂ ಒಂದೇ ಕುಟುಂಬದವು, ಹರಳು, ಕಳ್ಳಿಗಳ ಕುಟುಂಬ. ನಿಮ್ಮ ಗಿಡದ ಎಲೆ, ಬೀಜ ಹೊಟ್ಟೆಗೆ ಹೋಗಬಾರದು. ಅದರ ಸೊನೆ ಕೆಲವರ ಚರ್ಮಕ್ಕೆ ತುರಿಕೆ, ಗುಳ್ಳೆ ತರುತ್ತದೆ. ಕಣ್ಣಿಗೆ ತಾಗಬಾರದು. ಬಟ್ಟೆಗೆ ಬಿದ್ದರೆ ಕಂದು ಕಲೆ ಹೋಗುವುದೇ ಇಲ್ಲ. ಕೈಗವಸು ಹಾಕಿಕೊಂಡು ಕತ್ತರಿಸಿ, ಕತ್ತರಿಸಿದ ಜಾಗಕ್ಕೆ ನೀರು ಚಿಮುಕಿಸಿ ಸೊನೆ ನಿಲ್ಲಿಸಿ, ಉದುರಿದ ಎಲೆ ಅಂದಂದೇ ಹೆಕ್ಕಿ. ಮೂರು ವರ್ಷದ ಮಗನ ಕೈಗೆ ಗಿಡ ಸಿಗದ ಹಾಗೆ ಟೆರೇಸಿಗೆ ಹೋಗುವುದು ಅವನಿಗೂ ಒಳ್ಳೆಯದು, ಗಿಡಕ್ಕೂ ಒಳ್ಳೆಯದು. ಮಗು ಎಲೆ ಕಚ್ಚಿತೆಂದು ಗೊತ್ತಾದರೆ ಬಾಯಿ ತೊಳೆಸಿ, ಎಲೆಯ ತುಂಡು ಜೊತೆಗಿಟ್ಟುಕೊಂಡು ವೈದ್ಯರಿಗೆ ತೋರಿಸಿ, ಮನೆಯಲ್ಲಿ ವಾಂತಿ ಮಾಡಿಸಲು ಹೋಗಬೇಡಿ.

ಒಂದು ಮಾತು ಉಳಿಯಿತು. ಚಿಗುರು ಬರತೊಡಗಿದ ಮೇಲೆ ಪ್ರತಿ ಚಿಗುರನ್ನೂ ಗಮನಿಸಿ. ಒಳ್ಳೆಯ ಬಿಸಿಲಿನಲ್ಲಿದ್ದೂ, ಎಲೆ ಬಲಿತ ಮೇಲೂ, ಒಂದು ಕವಲು ಮಾತ್ರ ಪೂರ್ತಿ ಹಸಿರಾಗಿಯೇ ಉಳಿದರೆ ಅದನ್ನು ಬುಡದಿಂದ ತೆಗೆಯಿರಿ. ಹಸಿರು ಕವಲು ಬೇಗ ಬೆಳೆಯುತ್ತದೆ, ಬಿಟ್ಟರೆ ಉಳಿದವನ್ನು ಮುಚ್ಚಿಹಾಕುತ್ತದೆ. ಇದಕ್ಕೆ ತಿರುಗಾಗಿ ಒಂದು ಕವಲು ಬೇರೆಯದೇ ಬಣ್ಣದಲ್ಲಿ, ಬೇರೆ ಆಕಾರದಲ್ಲಿ ಬಂದರೆ ಅದನ್ನು ಕಾಪಾಡಿ ಗೂಟಿ ಕಟ್ಟಿ. ಕ್ರೋಟನ್‌ನಲ್ಲಿ ಹೀಗೆ ತಾನಾಗಿ ಬದಲಾದ ಕವಲುಗಳಿಂದಲೂ ತಳಿಗಳು ಬಂದಿವೆ.

ಎರಡು ಗೂಟಿಯಲ್ಲಿ ಒಂದನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ. ಇನ್ನೊಂದನ್ನು ಅಕ್ಟೋಬರ್‌ನಲ್ಲಿ, ದಸರಾ ಹೊತ್ತಿಗೆ, ಮೈಸೂರಿಗೆ ಕೊಂಡೊಯ್ಯಿರಿ. ಅಷ್ಟರಲ್ಲಿ ಬೇರು ಕುಂಡದ ಗೋಡೆ ಮುಟ್ಟಿರುತ್ತದೆ, ಪ್ರಯಾಣ ತಾಳುತ್ತದೆ. ಎಲೆಗಳನ್ನು ಒಟ್ಟುಗೂಡಿಸಿ ಹತ್ತಿಯ ಬಟ್ಟೆಯಿಂದ ಸಡಿಲವಾಗಿ ಕಟ್ಟಿ, ಹಿಂದಿನ ದಿನ ಸಂಜೆ ನೀರು ಹಾಕಿ, ಹೊರಡುವ ಬೆಳಿಗ್ಗೆ ಹಾಕಬೇಡಿ. ಅಕ್ಕನ ಮನೆಯಲ್ಲಿ ನೆಲವಿದ್ದರೆ ಪೂರ್ವದ ಬದಿಗೆ, ಗೋಡೆಯಿಂದ ಎರಡು ಅಡಿ ಬಿಟ್ಟು ನೆಡಲು ಹೇಳಿ. ಹೋದ ಮೇಲೆ ನಾಲ್ಕೈದು ಎಲೆ ಉದುರಿದರೆ ಗಾಬರಿಯಾಗಬೇಡ ಎಂದು ಮೊದಲೇ ತಿಳಿಸಿರಿ.